ಶುಗರ್ ಇರುವವರ ಮನೆಯಲ್ಲಿ ಇರಬೇಕಾದ ಫೈಲು: ಯಾವ ಪರೀಕ್ಷೆ, ಯಾವಾಗ, ಯಾಕೆ

ನಮ್ಮಪ್ಪ ಒಂದು ಸಂಜೆ ತೋಟದಿಂದ ಬಂದು, ಜಗಲಿ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಹಿಂದೆಯೇ ಬಂದ ಅಮ್ಮನಿಗೆ ನೆಲದ ಮೇಲೆ ರಕ್ತದ ಹೆಜ್ಜೆ ಕಂಡಿತು. ಚಪ್ಪಲಿ ತಿರುಗಿಸಿ ನೋಡಿದರೆ ಒಂದು ಮೊಳೆ ಅಟ್ಟೆ ತೂರಿಕೊಂಡು ಒಳಗೆ ಬಂದಿತ್ತು. ಮಧ್ಯಾಹ್ನದಿಂದ ಅಪ್ಪ ಅದರ ಮೇಲೇ ಓಡಾಡಿದ್ದರು. "ನೋವೇ ಆಗ್ಲಿಲ್ಲ ಕಣೇ" ಅಂದರು ಅಮ್ಮನಿಗೆ. ಅವರ ಮುಖದಲ್ಲಿ ಗಾಬರಿಗಿಂತ ಆಶ್ಚರ್ಯವೇ ಜಾಸ್ತಿ ಇತ್ತು.

ಆಗ ಅವರಿಗೆ ಶುಗರ್ ಬಂದು ಒಂಬತ್ತು ವರ್ಷ. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬರುತ್ತಿದ್ದರು. 125, 130 ಬರುತ್ತಿತ್ತು. ಎಲ್ಲರಿಗೂ ಸಮಾಧಾನ. ಪರೀಕ್ಷೆಗೆ ಎರಡು ದಿನ ಮುಂಚೆಯಿಂದ ಅವರು ಕಟ್ಟುನಿಟ್ಟಾಗಿ ಪಥ್ಯ ಮಾಡುತ್ತಿದ್ದರು. ಹಿಂದಿನ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗುತ್ತಿದ್ದರು. ಇದೆಲ್ಲ ನಮಗೆ ಗೊತ್ತೇ ಇತ್ತು. ಅದರಲ್ಲಿ ತಪ್ಪೇನಿದೆ ಅನ್ನಿಸಿರಲಿಲ್ಲ. ಗಾಯ ತೋರಿಸಲು ಹೋದ ದಿನ ಡಾಕ್ಟರು ಮೂರು ತಿಂಗಳ ಶುಗರ್ ಪರೀಕ್ಷೆ ಬರೆದರು. 9.1 ಬಂತು. ಆ ಒಂಬತ್ತು ವರ್ಷದಲ್ಲಿ ಅಪ್ಪನ ಚಪ್ಪಲಿ ಬಿಚ್ಚಿಸಿ ಕಾಲು ಮುಟ್ಟಿ ನೋಡಿದವರು ಯಾರೂ ಇರಲಿಲ್ಲ. ನೋಡಿ ಅಂತ ನಾವೂ ಕೇಳಿರಲಿಲ್ಲ.

ಗಾಯ ಒಣಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ನಾನು ಒಂದು ಫೈಲು ಮಾಡಿದೆ. ಯಾವ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ, ಯಾಕೆ ಮಾಡಿಸಬೇಕು ಅಂತ ಕೇಳಿ, ಓದಿ, ಬರೆದಿಟ್ಟೆ. ಓದುತ್ತಾ ಹೋದಂತೆ ಒಂದು ವಿಷಯ ಮನಸ್ಸಿಗೆ ನಾಟಿತು. ಸಕ್ಕರೆ ಕಾಯಿಲೆ ಕೆಡಿಸುವ ಕಣ್ಣು, ಕಿಡ್ನಿ, ಕಾಲಿನ ನರ ಇವು ಯಾವುವೂ ಶುರುವಿನಲ್ಲಿ ನೋಯುವುದಿಲ್ಲ. ನೋವು ಬರಲಿ, ಆಮೇಲೆ ತೋರಿಸೋಣ ಅಂತ ಕಾಯುವ ನಮ್ಮ ಅಭ್ಯಾಸ ಈ ಕಾಯಿಲೆಗೆ ಹೊಂದುವುದೇ ಇಲ್ಲ. ಹುಡುಕಿಕೊಂಡು ಹೋಗಿ ನೋಡಬೇಕು. ಎಲ್ಲಿ ಹುಡುಕಬೇಕು ಅನ್ನುವುದನ್ನು ನಲವತ್ತು ವರ್ಷಗಳ ಸಂಶೋಧನೆ ಚೆನ್ನಾಗಿಯೇ ಹೇಳಿಕೊಟ್ಟಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ಮಾಡಿದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅನ್ನುತ್ತದೆ ಅದು. ಅಷ್ಟು ಮನೆಗಳಲ್ಲಿ ಇಂಥದೊಂದು ಫೈಲು ಇರಬೇಕು ಅನ್ನುವುದು ನನ್ನ ಆಸೆ. ನಾನು ಡಾಕ್ಟರಲ್ಲ. ಇದನ್ನು ಓದಿ ಮಾತ್ರೆ ಬದಲಿಸಬೇಡಿ, ನಿಲ್ಲಿಸಲೂ ಬೇಡಿ. ಇಲ್ಲಿರುವುದನ್ನು ಪ್ರಶ್ನೆಗಳನ್ನಾಗಿ ಮಾಡಿಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.

1. ಮೊದಲ ಪುಟ ಮೂರು ತಿಂಗಳ ಶುಗರಿಗೆ

ಇನ್ನೂರು ಪುಟದ ನೋಟ್‌ಬುಕ್ ಒಂದು, ಪ್ಲಾಸ್ಟಿಕ್ ಹಾಳೆಗಳ ಫೈಲು ಒಂದು ತಗೊಳ್ಳಿ. ರಿಪೋರ್ಟ್‌ಗಳು ಫೈಲಿಗೆ, ಅಂಕಿಗಳು ನೋಟ್‌ಬುಕ್ಕಿಗೆ. ಮೊದಲ ಪುಟದ ಮೇಲೆ ಎಚ್‌ಬಿಎ1ಸಿ ಅಂತ ಬರೆಯಿರಿ.

ರಕ್ತದಲ್ಲಿರುವ ಸಕ್ಕರೆ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಆ ಕಣ ಸಾಯುವ ತನಕ ಬಿಡುವುದಿಲ್ಲ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಎಷ್ಟು ಅಂಟಿದೆ ಅಂತ ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಎರಡು ದಿನದ ಪಥ್ಯಕ್ಕೆ ಇದು ಬಗ್ಗುವುದಿಲ್ಲ. ಖಾಲಿ ಹೊಟ್ಟೆಯಲ್ಲೂ ಹೋಗಬೇಕಿಲ್ಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು: 6 ಅಂದರೆ ಸರಾಸರಿ ಸಕ್ಕರೆ ಸುಮಾರು 126, 7 ಅಂದರೆ 154, 8 ಅಂದರೆ 183, 9 ಅಂದರೆ 212. ಅಪ್ಪನ 130 ಎಷ್ಟು ದೊಡ್ಡ ಸುಳ್ಳು ಸಮಾಧಾನ ಅಂತ ನನಗೆ ಅರ್ಥವಾಗಿದ್ದು ಈ ಲೆಕ್ಕ ನೋಡಿದಾಗ.

ಔಷಧಿ ಬದಲಾದಾಗ ಅಥವಾ ಹತೋಟಿ ತಪ್ಪಿದಾಗ ಮೂರು ತಿಂಗಳಿಗೊಮ್ಮೆ ಮಾಡಿಸಿ. ಒಂದೇ ಸಮ ಚೆನ್ನಾಗಿದ್ದರೆ ಆರು ತಿಂಗಳಿಗೊಮ್ಮೆ ಸಾಕು.

ಒಂದು ಎಚ್ಚರಿಕೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ನಿಜಕ್ಕಿಂತ ಜಾಸ್ತಿ ಬರಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಹಾಗಾಗಿ ಇದರ ಜೊತೆ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಪಕ್ಕದಲ್ಲೇ ಬರೆದಿಡಿ. ಮನೆಯ ಗ್ಲುಕೋಮೀಟರ್ ಒಂದು ಹೇಳಿ ಇದು ಇನ್ನೊಂದು ಹೇಳಿದರೆ ಡಾಕ್ಟರಿಗೆ ತಿಳಿಸಿ.

ಈ ಅಂಕಿಗೆ ಇಷ್ಟು ಮರ್ಯಾದೆ ಬಂದಿದ್ದು ಎರಡು ದೊಡ್ಡ ಅಧ್ಯಯನಗಳಿಂದ. ಮೊದಲನೆಯದು ಡಿಸಿಸಿಟಿ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆಯಿತು. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವ ಬಗೆಯ ಶುಗರ್ ಇರುವ 1,441 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಿಗಿ ಹತೋಟಿ, ಸರಾಸರಿ 7ರ ಹತ್ತಿರ. ಇನ್ನೊಂದಕ್ಕೆ ಆಗ ಎಲ್ಲರೂ ಕೊಡುತ್ತಿದ್ದ ಚಿಕಿತ್ಸೆ, ಸರಾಸರಿ 9ರ ಹತ್ತಿರ. ಶುರುವಿನಲ್ಲಿ ಕಣ್ಣು ಚೆನ್ನಾಗಿದ್ದವರಲ್ಲಿ, ಬಿಗಿ ಹತೋಟಿಯಿಂದ ಕಣ್ಣಿನ ತೊಂದರೆಯ ಸಾಧ್ಯತೆ 76% ಇಳಿಯಿತು. ಫಲಿತಾಂಶ ಇಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಎರಡನೆಯದು ಬ್ರಿಟನ್ನಿನ ಯುಕೆಪಿಡಿಎಸ್. ಆಕ್ಸ್‌ಫರ್ಡಿನ ರಾಬರ್ಟ್ ಟರ್ನರ್ ಮತ್ತು ರೂರಿ ಹೋಲ್ಮನ್ ಇದರ ಮುಂದಾಳುಗಳು. 1977ರಲ್ಲಿ ಶುರುವಾಯಿತು, 1998ರಲ್ಲಿ ಫಲಿತಾಂಶ ಬಂತು. ಆಗಷ್ಟೇ ಟೈಪ್ 2, ಅಂದರೆ ಹೆಚ್ಚಾಗಿ ದೊಡ್ಡವರಲ್ಲಿ ಕಾಣುವ ಮಾಮೂಲಿ ಶುಗರ್ ಪತ್ತೆಯಾದ 5,102 ಜನ ಸೇರಿದ್ದರು. 7.9 ಇದ್ದದ್ದು 7.0 ಆದರೆ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಅಂತ ತಿಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. ಅಧ್ಯಯನ ಮುಗಿದ ಒಂದೇ ವರ್ಷದಲ್ಲಿ ಎರಡೂ ಗುಂಪುಗಳ ಸಕ್ಕರೆ ಒಂದೇ ಮಟ್ಟಕ್ಕೆ ಬಂದುಬಿಟ್ಟಿತು. ಆದರೂ ಹತ್ತು ವರ್ಷ ಬಿಟ್ಟು ನೋಡಿದಾಗ, ಮೊದಲು ಚೆನ್ನಾಗಿ ಹತೋಟಿಯಲ್ಲಿದ್ದವರಿಗೇ ಹೃದಯಾಘಾತ ಕಡಿಮೆ, ಸಾವು ಕಡಿಮೆ. ಶುರುವಿನ ವರ್ಷಗಳಲ್ಲಿ ಮಾಡಿದ ಜೋಪಾನವನ್ನು ದೇಹ ಮರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈಗಷ್ಟೇ ಶುಗರ್ ಗೊತ್ತಾಗಿದ್ದರೆ, "ಈಗಿನ್ನೂ ಶುರು, ನೋಡೋಣ ಬಿಡು" ಅನ್ನುವ ಮಾತು ಬೇಡ. ಕೆಲಸ ಮಾಡಬೇಕಾದ ಹೊತ್ತು ಅದೇ.

2. ನಿಮ್ಮ ಗುರಿ ಎಷ್ಟು ಅಂತ ಕೇಳಿ ಬರೆದುಕೊಳ್ಳಿ

ಎಚ್‌ಬಿಎ1ಸಿ 7ಕ್ಕಿಂತ ಕೆಳಗೆ ಅನ್ನುವುದು ಬಹಳ ಜನರಿಗೆ ಸರಿ. ಎಲ್ಲರಿಗೂ ಸರಿಯಲ್ಲ. ಕಡಿಮೆ ಮಾಡಿದಷ್ಟೂ ಒಳ್ಳೆಯದು ಅಂತ ಡಾಕ್ಟರುಗಳೂ ಒಂದು ಕಾಲಕ್ಕೆ ಅಂದುಕೊಂಡಿದ್ದರು. ಅದನ್ನು ಪರೀಕ್ಷಿಸಲು ಅಕಾರ್ಡ್ ಅನ್ನುವ ಅಧ್ಯಯನ ನಡೆಯಿತು. ಹೃದಯದ ತೊಂದರೆ ಇದ್ದ ಅಥವಾ ಬರುವ ಅಪಾಯವಿದ್ದ 10,251 ಜನ, ಸರಾಸರಿ ವಯಸ್ಸು 62. ಅರ್ಧ ಜನರಿಗೆ 6ಕ್ಕಿಂತ ಕೆಳಗೆ ತರಲು ಪ್ರಯತ್ನಿಸಿದರು. 2008ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಬಿಗಿ ಗುಂಪಿನಲ್ಲಿ 257 ಜನ ಸತ್ತಿದ್ದರು, ಇನ್ನೊಂದರಲ್ಲಿ 203.

ಹಾಗಾಗಿ ವಯಸ್ಸಾದವರಿಗೆ, ಹೃದಯ ದುರ್ಬಲ ಇರುವವರಿಗೆ, ಪದೇ ಪದೇ ಲೋ ಶುಗರ್ ಆಗುವವರಿಗೆ 8ರ ಹತ್ತಿರ ಇದ್ದರೂ ಸರಿ ಅಂತ ಡಾಕ್ಟರು ಹೇಳಬಹುದು. ಎಪ್ಪತ್ತೈದರ ಅಜ್ಜಿಯ ಅಂಕಿಯನ್ನು ಮೂವತ್ತೈದರ ಮೊಮ್ಮಗನ ಅಂಕಿಯ ಜೊತೆ ಹೋಲಿಸಿ ಬೈಯಬೇಡಿ. "ನಮ್ಮ ತಾಯಿಗೆ ಎಷ್ಟಿರಬೇಕು ಡಾಕ್ಟ್ರೇ?" ಅಂತ ನೇರವಾಗಿ ಕೇಳಿ. ಆ ಅಂಕಿಯನ್ನು ಪುಟದ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆಯಿರಿ.

ಇದೇ ಪುಟದಲ್ಲಿ ಲೋ ಶುಗರ್ ಆದ ದಿನಗಳನ್ನೂ ಬರೆಯಿರಿ. ಕೈ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಸುಮ್ನೆ ಸಿಟ್ಟು, ಮಾತು ತೊದಲುವುದು ಇವು ಲಕ್ಷಣ. 70ಕ್ಕಿಂತ ಕೆಳಗೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಯಾದ ಮೇಲೆ ಊಟ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ತಗೊಳ್ಳುವವರಲ್ಲಿ ಇದು ಜಾಸ್ತಿ. ಏಕಾದಶಿ, ರಂಜಾನ್, ವ್ರತ ಅಂತ ಉಪವಾಸ ಮಾಡುವುದಿದ್ದರೆ ಒಂದು ವಾರ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಡೋಸ್ ಹೊಂದಿಸಿಕೊಡುತ್ತಾರೆ.

3. ಮನೆಯ ಗ್ಲುಕೋಮೀಟರನ್ನು ಊಟದ ಮೇಲೆ ಪ್ರಯೋಗಿಸಿ

ಇದು ಚಿಕ್ಕ ಕೆಲಸ, ಆದರೆ ಕಲಿಸುವುದು ಬಹಳ. ಕೈ ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಮಾವಿನ ಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಬೆರಳ ತುದಿಗಿಂತ ಬದಿಯಲ್ಲಿ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ.

ಬೆಳಗ್ಗೆ ಮಾತ್ರ ನೋಡಬೇಡಿ. ವಾರದಲ್ಲಿ ಒಂದೆರಡು ದಿನ ಊಟಕ್ಕೆ ಮುಂಚೆ ಒಮ್ಮೆ, ತಿನ್ನಲು ಶುರು ಮಾಡಿ ಎರಡು ಗಂಟೆಗೆ ಒಮ್ಮೆ ನೋಡಿ. ಏನು ತಿಂದಿರಿ, ಎಷ್ಟು ತಿಂದಿರಿ ಅಂತ ಪಕ್ಕದಲ್ಲಿ ಬರೆಯಿರಿ. ಸಾಮಾನ್ಯವಾಗಿ ಊಟದ ಮುಂಚೆ 80ರಿಂದ 130, ಊಟದ ನಂತರ 180ಕ್ಕಿಂತ ಕಡಿಮೆ ಅನ್ನುವುದು ಗುರಿ.

ನಮ್ಮ ಮನೆಯಲ್ಲಿ ಇದರಿಂದ ಗೊತ್ತಾಗಿದ್ದು ಮುದ್ದೆಯ ವಿಷಯ. ಅನ್ನ ಬಿಟ್ಟು ಮುದ್ದೆ ತಿಂದರೆ ಶುಗರ್ ಇಳಿಯುತ್ತದೆ ಅಂತ ಅಪ್ಪ ಮಧ್ಯಾಹ್ನ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು. ಎರಡು ಗಂಟೆ ಬಿಟ್ಟು ನೋಡಿದರೆ 260. ರಾಗಿ ಒಳ್ಳೆಯ ಧಾನ್ಯವೇ. ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಸಕ್ಕರೆಯಾಗುತ್ತದೆ, ಮತ್ತು ಪ್ರಮಾಣ ಪ್ರಮಾಣವೇ. ಒಂದು ಸಣ್ಣ ಮುದ್ದೆ, ಜೊತೆಗೆ ತಟ್ಟೆಯ ಅರ್ಧ ತುಂಬುವಷ್ಟು ಸೊಪ್ಪಿನ ಪಲ್ಯ, ಹುರುಳಿಕಾಳಿನದೋ ಹೆಸರುಕಾಳಿನದೋ ಗಟ್ಟಿ ಸಾರು ಮಾಡಿದೆವು. ಅದೇ ಹೊತ್ತಿಗೆ 170ರ ಹತ್ತಿರ ಬಂತು. ಯಾರು ಹೇಳಿದರೂ ಕೇಳದ ಅಪ್ಪ ಮೀಟರ್ ಹೇಳಿದ್ದನ್ನು ಕೇಳಿದರು.

4. ಕಿಡ್ನಿ ಪುಟ: ರಕ್ತದ ಜೊತೆ ಮೂತ್ರವನ್ನೂ ಕೊಡಿ

"ಕ್ರಿಯಾಟಿನಿನ್ ನಾರ್ಮಲ್ ಇದೆ, ಕಿಡ್ನಿ ಚೆನ್ನಾಗಿದೆ" ಅನ್ನುವ ಮಾತನ್ನು ನಂಬಿ ಸುಮ್ಮನಾಗುವವರು ಬಹಳ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದಲ್ಲಿನ ಒಂದು ಕಸ. ಅದು ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಸಾಕಷ್ಟು ಹೋಗಿರುತ್ತದೆ. ಅದಕ್ಕೂ ವರ್ಷಗಳ ಮುಂಚೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನು ಸಣ್ಣಗೆ ಸೋರಲು ಶುರುವಾಗುತ್ತದೆ. ಜರಡಿಯ ಕಣ್ಣು ಸ್ವಲ್ಪ ದೊಡ್ಡದಾದ ಹಾಗೆ. ಆಗ ನೋವಿಲ್ಲ, ಊತವಿಲ್ಲ, ಏನೂ ಇಲ್ಲ.

ಈ ಸೋರಿಕೆಯನ್ನು ಅಳೆಯಲು ಲ್ಯಾಬಿನಲ್ಲಿ ಕೇಳಬೇಕಾದ ಮೂತ್ರ ಪರೀಕ್ಷೆಯ ಹೆಸರು ಯೂರಿನ್ ಎಸಿಆರ್. ಟೈಪ್ 2 ಇದ್ದರೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ. ಟೈಪ್ 1 ಇದ್ದರೆ ಐದು ವರ್ಷದ ನಂತರ ಪ್ರತಿ ವರ್ಷ. 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ನಡುವೆ ಇದ್ದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಜೋರಾಗಿದೆ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಭಾರೀ ದುಡಿಮೆ ಇದ್ದರೆ ಸುಮ್ಮನೆ ಏರುತ್ತದೆ. ಅದಕ್ಕೇ ಒಂದು ಸಲ ಜಾಸ್ತಿ ಬಂದರೆ ಹೆದರದೆ, ಮೂರರಿಂದ ಆರು ತಿಂಗಳೊಳಗೆ ಮತ್ತೆ ಮಾಡಿಸಿ. ಮೂರರಲ್ಲಿ ಎರಡು ಸಲ ಜಾಸ್ತಿ ಬಂದರೆ ಅದು ನಿಜ. ರಕ್ತದಲ್ಲಿ ಕ್ರಿಯಾಟಿನಿನ್ ನೋಡುವಾಗ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ಅನ್ನುವ ಅಂಕಿಯನ್ನೂ ಬರೆದುಕೊಡಿ ಅಂತ ಕೇಳಿ. ಅದು 60ಕ್ಕಿಂತ ಕೆಳಗಿಳಿದರೆ ಗಮನ ಕೊಡಬೇಕು.

ಸೋರಿಕೆ ಮೊದಲೇ ಸಿಕ್ಕರೆ ಮಾಡಲು ಬೇಕಾದಷ್ಟಿದೆ, ಅದಕ್ಕೇ ಈ ಪುಟ ನನಗೆ ಮುಖ್ಯ. 2001ರಲ್ಲಿ ಪ್ರಕಟವಾದ ರೆನಾಲ್ ಅಧ್ಯಯನದಲ್ಲಿ 1,513 ಜನ ಇದ್ದರು. ಲೊಸಾರ್ಟಾನ್ ಅನ್ನುವ ಬಿಪಿ ಮಾತ್ರೆ ಕೊಟ್ಟವರಲ್ಲಿ ಕಿಡ್ನಿ ಪೂರ್ತಿ ಸೋಲುವ ಸಾಧ್ಯತೆ 28% ಕಡಿಮೆಯಾಯಿತು. 2019ರಲ್ಲಿ ಬಂದ ಕ್ರೆಡೆನ್ಸ್ ಅಧ್ಯಯನದಲ್ಲಿ, ಅಂಥ ಮಾತ್ರೆ ಆಗಲೇ ತಗೊಳ್ಳುತ್ತಿದ್ದ 4,401 ಜನರಲ್ಲಿ ಅರ್ಧದಷ್ಟು ಜನರಿಗೆ ಕ್ಯಾನಾಗ್ಲಿಫ್ಲೋಜಿನ್ ಸೇರಿಸಿದರು. ಅವರಲ್ಲಿ ಕಿಡ್ನಿ ಸೋಲುವುದೂ ಸೇರಿ ದೊಡ್ಡ ಅನಾಹುತಗಳ ಸಾಧ್ಯತೆ ಇನ್ನೂ 30% ಇಳಿಯಿತು. ಇದೇ ಜಾತಿಯ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ಪೇಟೆಂಟ್ ಭಾರತದಲ್ಲಿ ಮುಗಿದಿದೆ. ಬೇರೆ ಬೇರೆ ಕಂಪನಿಗಳು ತಯಾರಿಸಲು ಶುರು ಮಾಡಿದ ಮೇಲೆ ಬೆಲೆ ಬಹಳ ಇಳಿದಿದೆ. ದುಬಾರಿ ಅಂತ ಹಿಂದೆ ಬಿಟ್ಟಿದ್ದವರು ಈಗ ಮತ್ತೆ ಕೇಳಬಹುದು.

ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹಾಗಾಗಿ ಗುಪ್ತಾಂಗದಲ್ಲಿ ಫಂಗಸ್ ತುರಿಕೆ ಬರಬಹುದು, ಸ್ವಚ್ಛತೆ ಮುಖ್ಯ. ವಾಂತಿ ಭೇದಿ ಆಗಿ ಊಟ ನೀರು ಸೇರದ ದಿನ, ಆಪರೇಷನ್ನಿಗೆ ಮುಂಚೆ ಇವನ್ನು ನಿಲ್ಲಿಸಬೇಕಾಗುತ್ತದೆ. ಯಾವಾಗ ನಿಲ್ಲಿಸಬೇಕು, ಯಾವಾಗ ಶುರು ಮಾಡಬೇಕು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು: ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಕಿಡ್ನಿಗೆ ಹೊಡೆತ. ನಮ್ಮ ಹಳ್ಳಿಗಳಲ್ಲಿ ಇದು ತುಂಬಾ ನಡೆಯುತ್ತದೆ. ದಯವಿಟ್ಟು ನಿಲ್ಲಿಸಿ.

5. ಕಣ್ಣಿನ ಪುಟ

ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸುವುದು ಕಣ್ಣಿನ ಪರೀಕ್ಷೆ ಅಲ್ಲ. ನೋಡಬೇಕಾದ್ದು ಒಳಗಿನ ಪರದೆ, ಅಂದರೆ ರೆಟಿನಾ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡುತ್ತಾರೆ, ಇಲ್ಲವೇ ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತಾರೆ. ಟೈಪ್ 2 ಇದ್ದರೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಗೊತ್ತಾದ ಕೂಡಲೇ ಯಾಕೆ ಅಂದರೆ, ಯುಕೆಪಿಡಿಎಸ್‌ಗೆ ಸೇರಿದವರಲ್ಲಿ ಸುಮಾರು ಅರ್ಧ ಜನರಿಗೆ ಕಾಯಿಲೆ ಪತ್ತೆಯಾದ ದಿನವೇ ದೇಹದಲ್ಲಿ ಯಾವುದಾದರೂ ಒಂದು ಹಾನಿಯ ಗುರುತು ಇತ್ತು. ಶುಗರ್ ಇರುವ ಹೆಂಗಸರು ಬಸುರಿಯಾದರೆ ಶುರುವಿನಲ್ಲೇ ತೋರಿಸಬೇಕು, ಬಸಿರಿನ ಉದ್ದಕ್ಕೂ ಗಮನ ಬೇಕು.

ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗುತ್ತದೆ, ಬೆಳಕು ಚುಚ್ಚುತ್ತದೆ. ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ರೆಟಿನಾ ಕೆಟ್ಟಾಗ ಮಾಡುವ ಲೇಸರ್ ಚಿಕಿತ್ಸೆ ಅಂದರೆ ಹೆದರುವವರಿಗೆ ಹೇಳಲು ಒಂದು ಹಳೆಯ ಸಂಗತಿ ಇದೆ. 1970ರ ದಶಕದಲ್ಲಿ ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಜನರ ಒಂದು ಕಣ್ಣಿಗೆ ಮಾತ್ರ ಲೇಸರ್ ಮಾಡಿ, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿದರು. ಲೇಸರ್ ಆದ ಕಣ್ಣುಗಳಲ್ಲಿ ದೃಷ್ಟಿ ಹೋಗುವ ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿಯಿತು. ಇದು ಗೊತ್ತಾದ ಕೂಡಲೇ ಬಿಟ್ಟ ಕಣ್ಣಿಗೂ ಚಿಕಿತ್ಸೆ ಕೊಡಬಹುದು ಅಂತ ನಿಯಮ ಬದಲಿಸಿದರು. ಈಗ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗಳೂ ಇವೆ. ಆದರೆ ಹೋದ ದೃಷ್ಟಿಯನ್ನು ಪೂರ್ತಿ ವಾಪಸ್ ತರುವುದು ಕಷ್ಟ, ಇರುವುದನ್ನು ಉಳಿಸಿಕೊಳ್ಳುವುದು ಸಾಧ್ಯ.

ಕಂಪ್ಯೂಟರೇ ಫೋಟೊ ನೋಡಿ ತೊಂದರೆ ಗುರುತಿಸುವ ವಿಧಾನವೂ ಬಂದಿದೆ. 2016ರಲ್ಲಿ ಗೂಗಲ್‌ನ ಸಂಶೋಧಕರು ಇದನ್ನು ತೋರಿಸಿದಾಗ ಬಳಸಿದ ಚಿತ್ರಗಳಲ್ಲಿ ಅಮೆರಿಕದವರ ಜೊತೆಗೆ ಭಾರತದ ಮೂರು ಆಸ್ಪತ್ರೆಗಳವೂ ಇದ್ದವು. ಅರವಿಂದ್, ಶಂಕರ ನೇತ್ರಾಲಯ, ಇನ್ನೊಂದು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ.

6. ಕಾಲಿನ ಪುಟ, ದಿನಾ ನೋಡುವ ಪುಟ

ಇದು ನಮ್ಮ ಮನೆಯ ಪುಟ. ಇದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಪಾಲ್ ಬ್ರಾಂಡ್ ಅನ್ನುವ ಸರ್ಜನ್ ಬಂದರು. ಕುಷ್ಠರೋಗಿಗಳ ಕೈಕಾಲು ಕಾಯಿಲೆಯಿಂದ ಕೊಳೆತು ಉದುರುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ಕೂತು ಗಮನಿಸಿದರು. ಮಾಂಸ ಚೆನ್ನಾಗಿಯೇ ಇದೆ, ನೋವು ಗೊತ್ತಾಗುವುದಿಲ್ಲ ಅಷ್ಟೆ. ನೋವಿಲ್ಲದ ಕಾರಣ ಗಾಯದ ಮೇಲೇ ಮತ್ತೆ ಮತ್ತೆ ಭಾರ ಹಾಕಿ ನಡೆಯುತ್ತಾರೆ, ಅದರಿಂದ ಕಾಲು ಹಾಳಾಗುತ್ತದೆ ಅಂತ ತೋರಿಸಿಕೊಟ್ಟರು. ಮುಂದೆ ಅವರು ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಇದೇ ತಿಳಿವಳಿಕೆ ಸಕ್ಕರೆ ಕಾಯಿಲೆಯವರ ಕಾಲಿಗೂ ದಾರಿಯಾಯಿತು. ಇವತ್ತು ಡಾಕ್ಟರು ಪಾದಕ್ಕೆ ಒಂದು ನೈಲಾನ್ ಎಳೆ ಒತ್ತಿ "ಗೊತ್ತಾಗುತ್ತಾ?" ಅಂತ ಕೇಳುತ್ತಾರಲ್ಲ, 10 ಗ್ರಾಂ ಭಾರಕ್ಕೆ ಬಾಗುವ ಆ ಮಾನೋಫಿಲಮೆಂಟ್ ಕೂಡ ಕುಷ್ಠರೋಗಿಗಳ ಕಾಲಿನಲ್ಲೇ ಪಳಗಿ ಬಂದದ್ದು. ಅಪ್ಪನ ಮೊಳೆಯ ಕಥೆ ನನಗೆ ಪೂರ್ತಿ ಅರ್ಥವಾಗಿದ್ದು ವೆಲ್ಲೂರಿನ ಈ ಕಥೆ ತಿಳಿದ ಮೇಲೆ.

ವರ್ಷಕ್ಕೊಮ್ಮೆ ಆ ಎಳೆಯ ಪರೀಕ್ಷೆ, ಕಂಪನ ಗೊತ್ತಾಗುತ್ತದಾ ಅನ್ನುವ ಪರೀಕ್ಷೆ, ಪಾದದ ನಾಡಿ ನೋಡುವುದು ಮಾಡಿಸಿ. ಡಾಕ್ಟರು ಕೇಳದಿದ್ದರೂ ನೀವೇ ಚಪ್ಪಲಿ ಬಿಚ್ಚಿ ಕೂರಿ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯವರು ರೂಪಿಸಿದ್ದು. ಅಪ್ಪನನ್ನೋ ಅಮ್ಮನನ್ನೋ ಮಲಗಿಸಿ ಕಣ್ಣು ಮುಚ್ಚಿಸಿ. ನಿಮ್ಮ ತೋರುಬೆರಳಿನಿಂದ ಅವರ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಉಜ್ಜಬೇಡಿ. ಎರಡೂ ಕಾಲು ಸೇರಿ ಆರು ಕಡೆ. ಮುಟ್ಟಿದಾಗೆಲ್ಲ "ಬಲ", "ಎಡ" ಅಂತ ಹೇಳಬೇಕು. ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ನರಗಳು ಮಂದವಾಗಿವೆ ಅಂತ ಅರ್ಥ. ಡಾಕ್ಟರಿಗೆ ತೋರಿಸಿ. ಅಪ್ಪನಿಗೆ ಆರರಲ್ಲಿ ಐದು ಗೊತ್ತಾಗಲಿಲ್ಲ. ಅವರ ಕಾಲು ಮುಟ್ಟಿಕೊಂಡು ಕೂತಿದ್ದೆ. ಅವರು ಕಣ್ಣು ಮುಚ್ಚಿಕೊಂಡು "ಇನ್ನೂ ಶುರು ಮಾಡಿಲ್ವಾ?" ಅಂತ ಕೇಳಿದರು.

ಹೀಗೆ ಮಂದವಾದ ಕಾಲನ್ನು ದಿನಾ ರಾತ್ರಿ ದೀಪದ ಬೆಳಕಿನಲ್ಲಿ ನೋಡಬೇಕು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಲಿ. ಬೆರಳ ಸಂದಿ, ಹಿಮ್ಮಡಿಯ ಬಿರುಕು, ಬೊಬ್ಬೆ, ಕೆಂಪು, ಒಂದು ಕಡೆ ಮಾತ್ರ ಬಿಸಿ ಇದೆಯಾ ನೋಡಿ. ತೊಳೆದ ಮೇಲೆ ಬೆರಳ ಸಂದಿ ಒರೆಸಿ ಒಣಗಿಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದಿಗೆ ಬೇಡ. ಆಣಿ ಇದ್ದರೆ ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ, ಆಣಿ ಪಟ್ಟಿಯನ್ನೂ ಅಂಟಿಸಬೇಡಿ. ಬಿಸಿನೀರಿಗೆ ಕಾಲು ಇಡುವ ಮುಂಚೆ ಮನೆಯ ಬೇರೆಯವರು ಮೊಣಕೈ ಅದ್ದಿ ನೋಡಲಿ. ಬಿಸಿನೀರಿನ ಚೀಲದ ಕಾವು, ಒಲೆಯ ಮುಂದೆ ಕಾಲು ಚಾಚಿ ಕೂರುವುದು ಬೇಡವೇ ಬೇಡ.

ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಇದು ನಮ್ಮವರಿಗೆ ಒಪ್ಪುವುದು ಕಷ್ಟ. ನಮ್ಮಮ್ಮ ಒಂದು ಜೊತೆ ಚಪ್ಪಲಿಯನ್ನು ಒಳಗಿನದು ಅಂತಲೇ ಬೇರೆ ಇಟ್ಟರು, ದೇವರ ಮನೆ ಬಿಟ್ಟು ಎಲ್ಲ ಕಡೆ ಹಾಕಿಸಿದರು. ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲು ಹಾಸು ಕೆಂಡವಾಗಿರುತ್ತದೆ. ಬೆಳಗ್ಗೆ ಬೇಗ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ. ಹವಾಯಿ ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ, ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿ ಒಳ್ಳೆಯದು. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಹೋಗಿ ಅಳತೆ ನೋಡಿ ಕೊಳ್ಳಿ. ಹಾಕಿಕೊಳ್ಳುವ ಮುಂಚೆ ಒಳಗೆ ಕೈಯಾಡಿಸಿ. ಹಳ್ಳಿ ಮನೆಗಳಲ್ಲಿ ನಿದ್ದೆಯಲ್ಲಿ ಇಲಿ ಕಚ್ಚಿದ್ದೂ ಗೊತ್ತಾಗದವರಿದ್ದಾರೆ. ಮಲಗುವಾಗ ಕಾಲು ಮುಚ್ಚಿರಲಿ.

ಗಾಯ ಆದರೆ ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಹಾಕಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿ, ಆ ದಿನವೇ ತೋರಿಸಿ. ಒಣಗುವ ತನಕ ಆ ಕಾಲಿನ ಮೇಲೆ ಭಾರ ಬೀಳಬಾರದು. ಔಷಧಿಯಷ್ಟೇ ಮುಖ್ಯ ಈ ಮಾತು, ಮತ್ತು ಅತಿ ಹೆಚ್ಚು ಜನ ಮೀರುವುದೂ ಇದನ್ನೇ.

7. ಬಿಪಿ ಮತ್ತು ಕೊಲೆಸ್ಟರಾಲ್

ಶುಗರ್ ಇರುವವರನ್ನು ಕೊನೆಗೆ ಹೆಚ್ಚಾಗಿ ಕಾಡುವುದು ಹೃದಯ. ಯುಕೆಪಿಡಿಎಸ್‌ನಲ್ಲೇ 1,148 ಜನರ ಬಿಪಿ ನೋಡಿದರು. ಸರಾಸರಿ 154/87 ಇದ್ದವರಿಗಿಂತ 144/82 ಇದ್ದವರಲ್ಲಿ ಪಾರ್ಶ್ವವಾಯು 44% ಕಡಿಮೆ. ಬರೀ ಹತ್ತು ಅಂಕಿಗೆ ಇಷ್ಟು. ಈಗ ಬಹಳ ಜನರಿಗೆ 130/80ಕ್ಕಿಂತ ಕೆಳಗೆ ಅನ್ನುತ್ತಾರೆ. ಕೊಲೆಸ್ಟರಾಲಿಗೆ, 2004ರ ಕಾರ್ಡ್ಸ್ ಅಧ್ಯಯನದಲ್ಲಿ ಅಟೊರ್ವಾಸ್ಟಾಟಿನ್ 10 ಮಿಲಿಗ್ರಾಂ ಕೊಟ್ಟಾಗ ಹೃದಯ ಮತ್ತು ಮೆದುಳಿನ ಆಘಾತಗಳು 37% ಇಳಿದವು. ಕೊಲೆಸ್ಟರಾಲ್ ಅಷ್ಟೇನೂ ಜಾಸ್ತಿ ಇಲ್ಲದವರೇ ಅದರಲ್ಲಿ ಇದ್ದರು. ಹಾಗಾಗಿ ನಲವತ್ತು ದಾಟಿದವರಿಗೆ ಡಾಕ್ಟರು ಸ್ಟ್ಯಾಟಿನ್, ಅಂದರೆ ಅಟೊರ್ವಾಸ್ಟಾಟಿನ್ ಥರದ ಕೊಲೆಸ್ಟರಾಲ್ ಮಾತ್ರೆ ಬರೆದರೆ "ನನ್ನ ಕೊಲೆಸ್ಟರಾಲ್ ನಾರ್ಮಲ್ ಇದೆಯಲ್ಲ" ಅಂತ ಬಿಡಬೇಡಿ.

ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡರೆ ಏನಾಗುತ್ತದೆ? ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನದಲ್ಲಿ ಇದ್ದದ್ದು 160 ಜನ ಮಾತ್ರ, ಎಲ್ಲರಿಗೂ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿತ್ತು. ಅರ್ಧ ಜನರಿಗೆ ಸುಮಾರು ಎಂಟು ವರ್ಷ ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಊಟ, ನಡಿಗೆ, ಬೀಡಿ ಸಿಗರೇಟು ಬಿಡಿಸುವುದು ಎಲ್ಲವನ್ನೂ ಒಟ್ಟಿಗೆ ಹಿಡಿದರು. 21 ವರ್ಷ ಬಿಟ್ಟು ಲೆಕ್ಕ ಹಾಕಿದರೆ ಆ ಗುಂಪಿನವರು ಸುಮಾರು 8 ವರ್ಷ ಹೆಚ್ಚು ಬದುಕಿದ್ದರು. ನನಗೆ ಗೊತ್ತಿರುವ ಸಂಶೋಧನೆಗಳಲ್ಲಿ ಅತಿ ಹೆಚ್ಚು ಧೈರ್ಯ ಕೊಡುವುದು ಇದೇ.

8. ಸುದ್ದಿ ಬಂದಾಗ, ಸಂಶೋಧನೆಗೆ ಕರೆದಾಗ

"30 ದಿನದಲ್ಲಿ ಶುಗರ್ ಮಾಯ" ಅನ್ನುವ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ ಅಲ್ವಾ? ಅಂಥದನ್ನು ನೋಡಿದಾಗ ಕೇಳಿ: ಎಷ್ಟು ಜನರ ಮೇಲೆ ನೋಡಿದರು, ಎಷ್ಟು ದಿನ, ಯಾರ ಜೊತೆ ಹೋಲಿಸಿದರು, ಬರೀ ಅಂಕಿ ಇಳಿಯಿತೋ ಅಥವಾ ಕಣ್ಣು, ಕಿಡ್ನಿ, ಪ್ರಾಣ ಉಳಿಯಿತೋ? ಅಂಕಿ ಇಳಿಸುವುದೇ ಎಲ್ಲ ಅಲ್ಲ ಅಂತ ಅಕಾರ್ಡ್ ತೋರಿಸಿದೆ. ಮಾತ್ರೆ ಇಲ್ಲದೆ ಸಕ್ಕರೆ ಸರಿಯಾಗುವುದು ಕೆಲವರಿಗೆ ನಿಜಕ್ಕೂ ಸಾಧ್ಯ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನಲ್ಲಿ ನಡೆದ ಡೈರೆಕ್ಟ್ ಅಧ್ಯಯನದಲ್ಲಿ ದಿನಕ್ಕೆ ಸುಮಾರು 850 ಕ್ಯಾಲರಿಯ ಪಥ್ಯದಿಂದ ತೂಕ ಇಳಿಸಿದವರಲ್ಲಿ ಒಂದು ವರ್ಷಕ್ಕೆ 46%, ಎರಡು ವರ್ಷಕ್ಕೆ 36% ಜನ ಹಾಗೆ ಆದರು. ಆದರೆ ಅವರೆಲ್ಲ ದಪ್ಪ ಇದ್ದವರು, ಶುಗರ್ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ತಗೊಳ್ಳದವರು. ಎಲ್ಲವೂ ಡಾಕ್ಟರು, ನರ್ಸುಗಳ ಕಣ್ಣೆದುರೇ ನಡೆಯಿತು.

ದೊಡ್ಡ ಆಸ್ಪತ್ರೆಯಲ್ಲಿ ನಿಮ್ಮನ್ನೇ ಒಂದು ಔಷಧಿ ಪ್ರಯೋಗಕ್ಕೆ ಸೇರುತ್ತೀರಾ ಅಂತ ಕೇಳಬಹುದು. ಹೆದರಿ ಓಡಬೇಕಿಲ್ಲ, ತಕ್ಷಣ ಸಹಿಯೂ ಹಾಕಬೇಡಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಕೊಡಿ ಅಂತ ಕೇಳಿ, ಮನೆಗೆ ತಂದು ಓದಿ. ಐಸಿಎಂಆರ್ ನಡೆಸುವ ಸಿಟಿಆರ್‌ಐ ಅನ್ನುವ, ಇಂಥ ಪ್ರಯೋಗಗಳ ನೋಂದಣಿ ಪಟ್ಟಿ 2007ರಿಂದ ಇದೆ, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ನೋಂದಣಿ ಸಂಖ್ಯೆ ಕೇಳಿ. ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರದು, ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಬಂದರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವ ಹಾಗಿಲ್ಲ. ಮೇಲೆ ಹೇಳಿದ ಒಂದೊಂದು ಅಂಕಿಯ ಹಿಂದೆಯೂ ಹೀಗೆ ವರ್ಷಗಟ್ಟಲೆ ರಕ್ತ ಕೊಟ್ಟ, ಕಾಲು ತೋರಿಸಿದ ಸಾವಿರಾರು ಜನ ಇದ್ದಾರೆ. ಅವರ ಬಗ್ಗೆ ನನಗೆ ದೊಡ್ಡ ಕೃತಜ್ಞತೆ ಇದೆ.

9. ಕೊನೆಯ ಪುಟ ಮಕ್ಕಳದು

ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಆದ್ದರಿಂದ ಫೈಲಿನಲ್ಲಿ ನಿಮ್ಮದೂ ಒಂದು ಪುಟ ಇರಲಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ನೋಡುತ್ತಾರೆ. ಗಡಿಯಲ್ಲಿ ಇದೆ ಅಂದರೆ ಅದು ಕೈಗೆ ಸಿಕ್ಕ ಅವಕಾಶ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ಹೀಗೆ ಗಡಿಯಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸುಮ್ಮನೆ ಬಿಟ್ಟವರಲ್ಲಿ 55% ಜನರಿಗೆ ಶುಗರ್ ಬಂದೇ ಬಂತು. ದಿನಾ ಅರ್ಧ ಗಂಟೆ ಚುರುಕಾಗಿ ನಡೆದು, ಊಟ ಹದ ಮಾಡಿಕೊಂಡವರಲ್ಲಿ ಅದು 39%. ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ.

ನನ್ನ ಪುಟದಲ್ಲಿ ಈಗ ಎರಡು ಅಂಕಿ ಇದೆ. ಹೋದ ವರ್ಷ 6.1, ಈ ವರ್ಷ 5.8. ಮುಂದಿನದಕ್ಕೆ ಯುಗಾದಿ ಆದ ವಾರ ಅಂತ ಬರೆದಿಟ್ಟಿದ್ದೇನೆ. ಅಪ್ಪನ ಕಣ್ಣಿನ ಪರೀಕ್ಷೆಯೂ ಅದೇ ದಿನ. ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ.